ಇಲ್ಲದ ಕಲ್ಲು ಹೊರಲು ಇಂಗ್ಲೆಂಡಿಗೆ

ಖಾನಾಪುರ

ನಮ್ಮ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಖಾನಾಪುರದ ಯಾವ ದಾರಿ ಹಿಡಿದರೂ ಎಡವಿ ಬೀಳುವಷ್ಟು ಸಿಗುತ್ತವೆ, ಅದೂ ಪುಕ್ಕಟೆ. ಹಾಗಿದ್ದೂ ಎಂಬತ್ತರ ದಶಕದ ಕೊನೆಗೆ ಒಂದು ಬೇಸಿಗೆಯಲ್ಲಿ, ಎಲ್ಲಿಯೂ ಇಲ್ಲದ ಒಂದು ಕಲ್ಲನ್ನು ಅಂಗೈಯಲ್ಲಿ ಹೊತ್ತು ನಿಲ್ಲುವುದಕ್ಕಾಗಿ ನಾನು ಇಂಗ್ಲೆಂಡಿಗೆ ಹೋಗಿ ಬಂದೆ. ಹೋಗುವಾಗ ಜನ ಹಾರ ಹಾಕಿದರು. ಯಾಕೆ ಹೋಗುತ್ತಿದ್ದೇನೆಂದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಹಾರ ಹಾಕುತ್ತಿರಲಿಲ್ಲ ಎಂದು ನನ್ನ ಅಂದಾಜು.

ನಾನು ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮಾಸ್ತರ. ಮನೆ ನೆಹರು ನಗರದಲ್ಲಿ. ಡಾಕ್ಟರಿಕೆ ಓದುವ ಹುಡುಗರಿಗೆ ನಾಡಿ ಹಿಡಿಯುವುದನ್ನು ಕಲಿಸಲೆಂದು ಒಂದು ರಬ್ಬರಿನ ಕೈ ಮಾಡಿಕೊಟ್ಟಿದ್ದೆ. ಸೈಕಲ್ ಟ್ಯೂಬು ಕತ್ತರಿಸಿ, ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹಚ್ಚಿ ಪುಟ್ಟ ಗಾಳಿಚೀಲಗಳನ್ನು ಮಾಡಿ, ಉದ್ಯಮಬಾಗದಲ್ಲಿ ಗೆಳೆಯನ ವರ್ಕ್‌ಶಾಪಿನಲ್ಲಿ ತಯಾರಾದ ಪಂಪಿನಿಂದ ಅವಕ್ಕೆ ಗಾಳಿ ಬಿಟ್ಟರೆ ಮಣಿಕಟ್ಟಿನಲ್ಲಿ ನಾಡಿ ಬಡಿಯುತ್ತಿತ್ತು. ಜ್ವರದ ನಾಡಿ, ಹೆದರಿದವನ ನಾಡಿ, ಸಾಯಲು ಹೊರಟವನ ನಾಡಿ ಎಲ್ಲವೂ ಬಟನ್ ಒತ್ತಿದರೆ ಬರುತ್ತಿದ್ದವು. ಇದರ ಬಗ್ಗೆ ಮುಂಬಯಿಯ ಒಂದು ಸಭೆಯಲ್ಲಿ ಮಾತಾಡಿದೆ. ಅದು ಊಟವಾದ ಮೇಲಿನ ಹೊತ್ತು. ಇಡೀ ಸಭೆಯಲ್ಲಿ ಎಚ್ಚರವಾಗಿದ್ದವರು ಇಂಗ್ಲೆಂಡಿನಿಂದ ಬಂದ ಒಬ್ಬ ಪ್ರೊಫೆಸರರು ಮಾತ್ರ.

ಅವರೇ ಆರ್ಥರ್ ಸಾಹೇಬರು. ಅವರ ಪ್ರಯೋಗಾಲಯದಲ್ಲಿ ಕಣ್ಣಿಗೆ ಒಂದು ಡಬ್ಬಿ ಕಟ್ಟಿಕೊಂಡರೆ ಇಲ್ಲದ ಕೋಣೆಯೊಂದು ಕಾಣುತ್ತದಂತೆ. ಕೈಗೆ ಒಂದು ಗವಸು ಹಾಕಿಕೊಂಡರೆ ಆ ಕೋಣೆಯಲ್ಲಿ ನಿಮ್ಮ ಕೈಯೂ ಕಾಣುತ್ತದಂತೆ. ವರ್ಚುವಲ್ ರಿಯಾಲಿಟಿ ಎಂಬ ಹೆಸರು ಅದಕ್ಕೆ ಆಗಷ್ಟೇ ಬಂದಿತ್ತು. ಕೊರತೆ ಒಂದೇ. ಅಲ್ಲಿಯ ಮೇಜನ್ನು ಮುಟ್ಟಲು ಹೋದರೆ ಕೈ ಮೇಜಿನೊಳಗೆ ನುಗ್ಗಿ ಆಚೆ ಬರುತ್ತದೆ. ಮುಟ್ಟಿದರೆ ಮುಟ್ಟಿದಂತಾಗಬೇಕು, ಎತ್ತಿದರೆ ಭಾರ ತಿಳಿಯಬೇಕು, ನಿನ್ನ ಗಾಳಿಚೀಲಗಳಿಂದ ಅದು ಆದೀತು, ಒಂದು ಬೇಸಿಗೆ ಬಂದು ಹೋಗು ಎಂದು ಕರೆದರು. ನಾನು ಒಂದೇ ಮಾತಿಗೆ ಒಪ್ಪಿಬಿಟ್ಟೆ.

ಹೇಳಿ ಹೋಗಲು ಖಾನಾಪುರಕ್ಕೆ ಹೋದೆ. ಅಲ್ಲಿ ಅಣ್ಣನದು ಹಂಚಿನ ವ್ಯಾಪಾರ, ಅವ್ವ ಅವನ ಜೊತೆಗಿದ್ದಾಳೆ. ನನ್ನ ಕೆಲಸವೇನೆಂದು ಅಣ್ಣನಿಗೆ ಬಿಡಿಸಿ ಹೇಳಿದೆ. ಅವನು ಅಡಿಕೆ ಅಗಿಯುತ್ತ ಕೊನೆಯವರೆಗೂ ಕೇಳಿದ.

"ಇಲ್ಲದ್ದನ್ನ ಮುಟ್ಟಾಕ ಇಂಗ್ಲೆಂಡ್ ಯಾಕ ಬೇಕೋ? ನಮ್ಮ ಓಣಿ ಡಾಂಬರ್ ಮುಟ್ಟ ನೋಡು" ಎಂದ.

ಅವ್ವನ ಚಿಂತೆ ಬೇರೆ. ನಮ್ಮ ಮನೆಗಳಲ್ಲಿ ತೊಟ್ಟಿಲ ಕೂಸಿಗೂ ಲಿಂಗ ಕಟ್ಟುತ್ತಾರೆ. ಅಂದಿನಿಂದ ಅದು ಕೊರಳಲ್ಲೇ ಇರುತ್ತದೆ. ಬೆಳಿಗ್ಗೆ ಸ್ನಾನವಾದ ಮೇಲೆ ಹೊರತೆಗೆದು, ಎಡ ಅಂಗೈಯಲ್ಲಿಟ್ಟು, ಎದೆಯ ಮುಂದೆ ಹಿಡಿದು ಪೂಜೆ ಮಾಡಿ ಮತ್ತೆ ಕೊರಳಿಗೆ ಹಾಕಿಕೊಳ್ಳುವುದು. ನನ್ನ ಲಿಂಗವಿದ್ದದ್ದು ಮದುವೆಯಲ್ಲಿ ಮಾವ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಗುಂಡಗಡಗಿಯಲ್ಲಿ. ಕೋಳಿಮೊಟ್ಟೆಯಷ್ಟು ದಪ್ಪ, ಮಾವನ ಘನತೆಗೆ ತಕ್ಕ ತೂಕ.

"ಪರದೇಶದಾಗ ಕಳ್ಳರ ಕಾಟ ಭಾಳ ಇರತೈತಿ ತಮ್ಮಾ" ಎಂದಳು ಅವ್ವ. "ಬೆಳ್ಳೀದು ಇಲ್ಲೇ ಇಟ್ಟ ಹೋಗು. ಲಿಂಗಾ ಅರಿವ್ಯಾಗ ಕಟ್ಕೋ. ನಮ್ಮಪ್ಪ ಹಂಗ ಕಟ್ಕೋತಿದ್ದ."

"ಅವ್ವಾ, ಅದು ಇಂಗ್ಲೆಂಡ್. ಅಲ್ಲೆ ಕಳ್ಳರು ಇರೂದಿಲ್ಲ."

"ಖರೇ ಐತಿ" ಎಂದ ಅಣ್ಣ. "ಇದ್ದವರೆಲ್ಲಾ ಇಲ್ಲಿ ಬಂದು ಹೋಗ್ಯಾರ."

ಅವ್ವ ವಾದಕ್ಕೆ ನಿಲ್ಲುವವಳಲ್ಲ. ಹೊಸ ಬಿಳಿ ಅರಿವೆಯ ಒಂದು ತುಂಡಿನಲ್ಲಿ ವಿಭೂತಿಗಟ್ಟಿ ಸುತ್ತಿ ನನ್ನ ಚೀಲದಲ್ಲಿ ಇಟ್ಟುಬಿಟ್ಟಳು. ವಿಭೂತಿಗೆ ಅಷ್ಟು ದೊಡ್ಡ ಅರಿವೆ ಯಾಕೆಂದು ನಾನು ಕೇಳಲಿಲ್ಲ.

ಪೀರನವಾಡಿ

ಖಾನಾಪುರದಿಂದ ಬೆಳಗಾವಿಗೆ ಮರಳುವ ದಾರಿಯಲ್ಲಿ ಪೀರನವಾಡಿಯಲ್ಲಿ ನನ್ನ ವಿದ್ಯಾರ್ಥಿಗಳು ಬಸ್ಸು ನಿಲ್ಲಿಸಿ ಹಾರ ಹಾಕಿದರು. ಆಗಷ್ಟೇ ಉದ್ಯಮಬಾಗದ ಫೌಂಡ್ರಿಗಳ ಪಾಳಿ ಬಿಟ್ಟಿತ್ತು. ಸೈಕಲ್ಲಿನಲ್ಲಿ ಮನೆಗೆ ಹೊರಟವರು ನಿಂತು ನೋಡಿದರು. ಯಾವ ವಾರ್ಡಿಗೆ ನಿಂತಿದ್ದಾರೆ ಎಂದು ಒಬ್ಬ ಮರಾಠಿಯಲ್ಲಿ ವಿಚಾರಿಸಿದ. ಚುನಾವಣೆಯಲ್ಲ, ವಿದೇಶಕ್ಕೆ ಹೊರಟಿದ್ದಾರೆ ಎಂದು ಹುಡುಗರು ಹೇಳಿದಾಗ, ಹಾಗಾದರೆ ವೋಟು ಕೇಳಲು ಮನೆಗೆ ಬರುವ ತಾಪತ್ರಯವಿಲ್ಲವಲ್ಲ ಎಂದು ಸಮಾಧಾನದಿಂದ ಪೆಡಲ್ ತುಳಿದ. ಹಾರವನ್ನು ಬಸ್ಸಿನ ಕಿಟಕಿಗೆ ತೂಗುಹಾಕಿದ್ದೆ. ಮುಂದಿನ ಸ್ಟಾಪಿನಲ್ಲಿ ಅದನ್ನು ಒಂದು ಆಡು ಸ್ವೀಕರಿಸಿತು.

ಲಂಡನ್

ಲಂಡನ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿದ ಅಧಿಕಾರಿ ಕೆಂಪು ಶೇಂಗಾ ಚಟ್ನಿಪುಡಿಯನ್ನು ಸುಮ್ಮನೆ ಬಿಟ್ಟ. ವಿಭೂತಿಯನ್ನು ಹಿಡಿದ. ಬಿಳಿ ಪುಡಿ ಎಂದರೆ ಅವರಿಗೆ ಬಹಳ ಆಸಕ್ತಿ ಎಂದು ನನಗೇನು ಗೊತ್ತು? ಮೂಸಿದ, ಉಗುರಿನಿಂದ ಕೆರೆದ, ಇನ್ನೊಬ್ಬನನ್ನು ಕರೆದು ತೋರಿಸಿದ. ಇದೇನು ಎಂದು ಕೇಳಿದಾಗ ಬೂದಿ ಎಂದೆ. ಯಾರದು ಎಂದು ಕೇಳಿದ. ಆಕಳ ಸಗಣಿಯದು ಎಂದ ಮೇಲೆ ಅವನ ಆಸಕ್ತಿ ಪೂರ್ತಿ ಇಳಿಯಿತು. ಕೈ ಒರೆಸಿಕೊಂಡು ವಿಭೂತಿಯನ್ನು ಚೀಲಕ್ಕೆ ಹಿಂದಿರುಗಿಸಿ, ಅರಿವೆಯನ್ನು ಮಾತ್ರ ಹೋಟೆಲಿನ ಕರವಸ್ತ್ರದ ಹಾಗೆ ಅಂದವಾಗಿ ಮಡಿಸಿ ಕೊಟ್ಟ. ಅಂಗಿಯೊಳಗಿನ ಬೆಳ್ಳಿಯನ್ನು ಯಾರೂ ಕೇಳಲಿಲ್ಲ. ಇಂಗ್ಲೆಂಡಿನಲ್ಲಿ ಕಳ್ಳರಿಲ್ಲ ಎಂಬ ನನ್ನ ಮಾತು ನಿಜವಾಯಿತೆಂದು ಅಲ್ಲೇ ಹಿಗ್ಗಿದೆ.

ಡೋರಿಸ್ ಅಮ್ಮನ ಮನೆ

ಪ್ರಯೋಗಾಲಯವಿದ್ದ ಊರಿನ ಹೆಸರು ಹೇಳಬೇಡಿ ಎಂದು ಶಾಂತಾ, ಎಂದರೆ ನನ್ನ ಹೆಂಡತಿ, ತಾಕೀತು ಮಾಡಿದ್ದಾಳೆ. ಅಲ್ಲಿಯ ಅಡುಗೆಯ ಬಗ್ಗೆ ನಾನು ಬರೆದದ್ದನ್ನು ಓದಿ ಅವರು ಮತ್ತೆ ಕರೆಯದಿದ್ದರೆ ಎಂಬ ಭಯ. ಆದ್ದರಿಂದ ಅಡುಗೆಯ ಬಗ್ಗೆ ಬರೆಯುವುದಿಲ್ಲ. ಆಲೂಗಡ್ಡೆಯನ್ನು ಕುದಿಸುತ್ತಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಾನು ಬಾಡಿಗೆಗಿದ್ದ ಮನೆಯೊಡತಿ ಡೋರಿಸ್ ಅಮ್ಮ ಎಪ್ಪತ್ತು ದಾಟಿದ ವಿಧವೆ. ಬಚ್ಚಲಿಗೂ ಕಂಬಳಿ ಹಾಸಿದ್ದರು. ಎರಡು ನಲ್ಲಿ, ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜುಗಡ್ಡೆ. ನಡುವೆ ಕೈಯನ್ನು ಅತ್ತಿಂದಿತ್ತ ಓಡಿಸಿ ಬೆಚ್ಚಗಿನ ನೀರನ್ನು ಮನಸ್ಸಿನಲ್ಲೇ ತಯಾರಿಸಿಕೊಳ್ಳಬೇಕು. ಇಲ್ಲದ್ದನ್ನು ಇದ್ದಂತೆ ಭಾವಿಸುವ ವಿದ್ಯೆ ಈ ದೇಶದಲ್ಲೇ ಏಕೆ ಬೆಳೆಯಿತೆಂದು ಮೊದಲ ಸ್ನಾನದಲ್ಲೇ ನನಗೆ ತಿಳಿಯಿತು.

ಅವರ ಇನ್ನೊಂದು ಅಭ್ಯಾಸ ಕ್ಷಮೆ ಕೇಳುವುದು. ಒಂದು ದಿನ ಮೆಟ್ಟಿಲ ಬಳಿ ನಾನು ಅವರ ಕಾಲನ್ನು ಜೋರಾಗಿಯೇ ತುಳಿದೆ. ನೋವಿಗೆ ಮುಖ ಕಿವುಚಿಕೊಂಡು ಅವರೇ "ಸಾರಿ" ಎಂದರು. ನಾನು ರೂಢಿಯಂತೆ ಬಾಗಿ ಅವರ ಕಾಲು ಮುಟ್ಟಿ, ಆ ಕೈಯನ್ನು ಕಣ್ಣಿಗೂ ಎದೆಗೂ ಒತ್ತಿಕೊಂಡೆ. ಅವರು ಹೆದರಿ ಎರಡು ಮೆಟ್ಟಿಲು ಮೇಲೆ ಹೋಗಿ ಮತ್ತೊಮ್ಮೆ ಸಾರಿ ಎಂದರು. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವುದು ನಮ್ಮಲ್ಲಿ ಮನುಷ್ಯರಿಗಷ್ಟೇ ಅಲ್ಲ, ಪುಸ್ತಕಕ್ಕೂ ತಕ್ಕಡಿಗೂ ಇದೆ ಎಂದು ವಿವರಿಸಿದೆ. ಅಷ್ಟೆಲ್ಲ ಬಾಗಿದರೆ ಸೊಂಟ ನೋಯುವುದಿಲ್ಲವೇ ಎಂದು ಕೇಳಿದರು.

ನೆಲಮಾಳಿಗೆ

ಪ್ರಯೋಗಾಲಯ ಇದ್ದದ್ದು ನೆಲಮಾಳಿಗೆಯಲ್ಲಿ. ನನ್ನ ಹೆಸರು ಬಸವರಾಜ. ಅಲ್ಲಿಯವರ ನಾಲಿಗೆಗೆ ಅದು ಹೊರಳದೆ ಮೊದಲ ದಿನವೇ "ಬಾಸ್" ಎಂದರು. ನಮ್ಮ ಕಾಲೇಜಿನಲ್ಲಿ ಹದಿನೈದು ವರ್ಷ ಮಣ್ಣು ಹೊತ್ತರೂ ಸಿಗದ ಪದವಿ ಅಲ್ಲಿ ಒಂದೇ ದಿನದಲ್ಲಿ ಸಿಕ್ಕಿತು.

ಆರ್ಥರ್ ಸಾಹೇಬರ ಹೆಮ್ಮೆ ಒಂದು ಉಕ್ಕಿನ ತೋಳು. ಅದರ ಹಿಡಿ ಹಿಡಿದುಕೊಂಡು ಕಣ್ಣಿಗೆ ಡಬ್ಬಿ ಕಟ್ಟಿಕೊಂಡರೆ ಎದುರಿಗೊಂದು ಗೋಡೆ ಕಾಣುತ್ತದೆ. ಕೈ ಗೋಡೆಗೆ ತಾಗುವ ಹೊತ್ತಿಗೆ ತೋಳಿನೊಳಗಿನ ಮೋಟಾರು ಕೈಯನ್ನು ಹಿಂದಕ್ಕೆ ನೂಕುತ್ತದೆ. ಗೋಡೆ ಮುಟ್ಟಿದಂತಾಯಿತೇ ಎಂದು ಸಾಹೇಬರು ಆಸೆಯಿಂದ ಕೇಳಿದರು. ನನಗೆ ಮೊಂಡು ಎತ್ತಿನ ಹಗ್ಗ ಹಿಡಿದಂತಾಗಿತ್ತು. ಆದರೂ ಆಯಿತು ಎಂದೆ.

ಅಲ್ಲಿ ಎಲ್ಲವೂ ಹಿಡಿಯುವ ಲೆಕ್ಕ. ಹಿಡಿ, ಒತ್ತು, ತಿರುಗಿಸು, ಎಳೆ. ಲೋಕದ ವಸ್ತುಗಳೆಲ್ಲ ತಾವು ಹಿಡಿದುಕೊಳ್ಳಲಿಕ್ಕೇ ಇವೆ ಎಂಬ ಅವರ ನಂಬಿಕೆಗೆ ಇತಿಹಾಸದ ಆಧಾರವೂ ಚೆನ್ನಾಗಿಯೇ ಇತ್ತು. ತೆರೆದ ಅಂಗೈಯ ಮೇಲೆ ಒಂದು ವಸ್ತು ಸುಮ್ಮನೆ ಬಂದು ಕೂರಬಹುದು, ಹಿಡಿಯದೆಯೂ ಅದರ ಭಾರ ತಿಳಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ನಾನು ಅದನ್ನೇ ಮಾಡುತ್ತೇನೆ ಎಂದೆ. ಅಂಗೈಯಲ್ಲಿ ಒಂದು ಸಣ್ಣ ಕಲ್ಲು. ಕೈ ವಾಲಿದರೆ ಉರುಳಬೇಕು, ಸಮ ಮಾಡಿದರೆ ನಿಲ್ಲಬೇಕು, ಅಷ್ಟೆ.

ಭಾರತೀಯರು ಎಡಗೈ ಬಳಸುವುದಿಲ್ಲವೆಂದು ಯಾವುದೋ ಪುಸ್ತಕದಲ್ಲಿ ಓದಿ, ಸಾಹೇಬರು ನನ್ನ ಗೌರವಾರ್ಥ ಬಲಗೈಯ ಗವಸು ತರಿಸಿಟ್ಟಿದ್ದರು. ನಾನು ಎಡಗೈಯದು ಬೇಕೆಂದೆ. ಮುಂಜಾನೆಯ ಪೂಜೆಯಿಂದಾಗಿ ಒಂದು ಪುಟ್ಟ ಭಾರ ಅಂಗೈಯಲ್ಲಿ ಎಲ್ಲಿ ಕೂತರೆ ಹೇಗಿರುತ್ತದೆ ಎಂಬುದು ನನ್ನ ಎಡಗೈಗೆ ಗೊತ್ತು, ಬಲಗೈಗೆ ಗೊತ್ತಿಲ್ಲ. ಕಾರಣ ಮಾತ್ರ ಹೇಳಲಿಲ್ಲ. ಪುಸ್ತಕ ಸುಳ್ಳಾದದ್ದಕ್ಕೆ ಅವರಿಗೆ ಬೇಜಾರಾಯಿತು.

ಪ್ರೋಗ್ರಾಮು ಬರೆಯುತ್ತಿದ್ದವಳು ಜೂಲಿ ಎಂಬ ಎತ್ತರದ, ಮಾತು ಕಡಿಮೆಯ ಹೆಂಗಸು. ನನ್ನ ಅಂಗೈಯ ಅಳತೆಗೆ ಗವಸಿನ ಒಳಗೆ ಗಾಳಿಚೀಲಗಳನ್ನು ಅಂಟಿಸಿದೆವು. ಪಂಪು ದೂರದಲ್ಲಿ, ನಡುವೆ ಸಣ್ಣ ರಬ್ಬರ್ ನಳಿಗೆಗಳು. ಕೈ ಎಲ್ಲಿದೆ, ಎಷ್ಟು ವಾಲಿದೆ ಎಂದು ಕಂಪ್ಯೂಟರಿಗೆ ತಿಳಿಸಲು ಗವಸಿನ ಬೆನ್ನಿಗೆ ಗುಂಡಿಯಷ್ಟು ದೊಡ್ಡ ಸೆನ್ಸರ್. ಮೇಜಿನ ಮೇಲಿನ ಒಂದು ಕಪ್ಪು ಡಬ್ಬಿ ಕಾಂತಶಕ್ತಿಯನ್ನು ಸುತ್ತ ಹರಡುತ್ತದೆ, ಈ ಗುಂಡಿ ಅದನ್ನು ಹಿಡಿದು ದಿಕ್ಕು ಹೇಳುತ್ತದೆ. ಹತ್ತಿರ ಲೋಹ ಬಂದರೆ, ಕಬ್ಬಿಣವಿರಲಿ ಬಂಗಾರವಿರಲಿ, ಅದಕ್ಕೆ ತಲೆ ಕೆಡುತ್ತದೆ.

ಹೀಗಾಗಿ ಲೋಹದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಉಕ್ಕಿನ ತೋಳನ್ನು ಕೋಣೆಯ ಆಚೆ ಮೂಲೆಗೆ ಸರಿಸಿದೆ. ಬಾಗಿಲ ಬಳಿ ಒಂದು ಪಿಂಗಾಣಿ ತಟ್ಟೆ ಇಟ್ಟು, ಗಡಿಯಾರ, ಉಂಗುರ, ಕೀಲಿಕೈ, ಪೆನ್ನು, ಎಲ್ಲವನ್ನೂ ಅದರಲ್ಲಿ ಹಾಕಿಯೇ ಒಳಗೆ ಬರಬೇಕೆಂದು ಕಾಯಿದೆ ಮಾಡಿದೆ. ಆರ್ಥರ್ ಸಾಹೇಬರ ಬೆಲ್ಟಿನ ಬಕಲನ್ನೂ ಬಿಡಲಿಲ್ಲ. ಅಷ್ಟು ದೊಡ್ಡ ಪ್ರೊಫೆಸರರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ವಿಜ್ಞಾನದ ಮುಂದಿನ ದಾರಿಯ ಬಗ್ಗೆ ಮಾತಾಡುವುದನ್ನು ನೋಡುವ ಭಾಗ್ಯ ನನ್ನದಾಯಿತು. ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ ಹೀಗೆ ಹೇಳಿದ್ದರೆ ಮರುದಿನವೇ ಬೇರೆ ಊರಲ್ಲಿರುತ್ತಿದ್ದೆ.

ಹಾರುವ ಕಲ್ಲು

ಕಲ್ಲು ಬಂದು ಅಂಗೈಯಲ್ಲಿ ಕೂತಿತು.  ಸೈಕಲ್ ಟ್ಯೂಬು, ಗಾಳಿ, ಒಂದು ಹಸಿರು ಪರದೆ, ಇಷ್ಟರಿಂದ ಒಂದು ಭಾರ ಹುಟ್ಟಿ ನನ್ನ ಕೈಮೇಲೆ ಇತ್ತು. ತುಂಬಾ ಸಂತೋಷವಾಯಿತು.

ಆಮೇಲೆ ಅದು ಹಾರಿತು. ಕೈಯನ್ನು ನಾನು ಕದಲಿಸಿಯೂ ಇರಲಿಲ್ಲ, ಕಲ್ಲು ಒಮ್ಮೆಲೇ ನೆಗೆದು ಕೋಣೆಯ ಮಾಡು ದಾಟಿ ಹೋಯಿತು. ಗಾಳಿಚೀಲಗಳೆಲ್ಲ ಒಟ್ಟಿಗೆ ಉಬ್ಬಿ ಅಂಗೈಯಲ್ಲಿ ಕಪ್ಪೆ ಕುಣಿದಂತಾಯಿತು. ಮರುದಿನವೂ ಹಾಗೆಯೇ. ಸಾಹೇಬರು ಗವಸನ್ನು ದೂರ ಚಾಚಿ ಹಿಡಿದರೆ ಏನೂ ಆಗುತ್ತಿರಲಿಲ್ಲ. ನಾನು ನನ್ನ ರೂಢಿಯಂತೆ ಎದೆಯ ಮುಂದೆ ಹಿಡಿದರೆ ಕಲ್ಲಿಗೆ ರೆಕ್ಕೆ ಬರುತ್ತಿತ್ತು. ಸಂಶಯ ಮೊದಲು ನನ್ನ ಸೊಲ್ಯೂಷನ್ ಮೇಲೆ ಬಂತು, ಆಮೇಲೆ ಉದ್ಯಮಬಾಗದ ಪಂಪಿನ ಮೇಲೆ, ಕೊನೆಗೆ ನನ್ನ ಉಣ್ಣೆಯ ಬನಿಯನ್ನಿನ ಮೇಲೆ. ಆರ್ಥರ್ ಸಾಹೇಬರು ಬಹಳ ನಯವಾಗಿ, ಉಷ್ಣದೇಶದವರ ಮೈಯಲ್ಲಿ ವಿದ್ಯುತ್ತು ಹೆಚ್ಚಿರಬಹುದೇ ಎಂದು ಕೇಳಿದರು. ಹೆಚ್ಚಿದ್ದರೆ ಬೆಳಗಾವಿಯಲ್ಲಿ ಕರೆಂಟು ಯಾಕೆ ಹೋಗುತ್ತಿತ್ತು ಎಂದೆ.

ಆ ವಾರವೇ ಒಂದು ಮಧ್ಯಾಹ್ನ, ಕಣ್ಣಿಗೆ ಡಬ್ಬಿ ಕಟ್ಟಿಕೊಂಡು ನಿಂತಿದ್ದಾಗ ನನ್ನ ಕಾಲು ನೆಲದ ಮೇಲಿದ್ದ ಕಂಪ್ಯೂಟರಿನ ಪೆಟ್ಟಿಗೆಗೆ ತಾಗಿತು. ಬಲಗೈಯಲ್ಲಿ ನಳಿಗೆಗಳ ಕಟ್ಟು ಇತ್ತು. ಗವಸಿನ ಕೈಯಿಂದಲೇ ಬಾಗಿ ಪೆಟ್ಟಿಗೆಯನ್ನು ಮುಟ್ಟಿದೆ. ಕಣ್ಣಿಗೆ ಒತ್ತಿಕೊಳ್ಳಲು ಹೋದರೆ ಡಬ್ಬಿ ಅಡ್ಡ ಬಂತು, ಎದೆಗೆ ಒತ್ತಿಕೊಂಡೆ. ಪರದೆ ನೋಡುತ್ತಿದ್ದ ಜೂಲಿ, ಈಗ ಏನು ಮಾಡಿದೆ ಎಂದು ಕೇಳಿದಳು. ಕಂಪ್ಯೂಟರಿಗೆ ನಮಸ್ಕಾರ ಮಾಡಿದೆ ಎಂದು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಇನ್ನೊಮ್ಮೆ ಮಾಡು ಎಂದಳು. ಮಾಡಿದೆ. ಮತ್ತೆ ಮಾಡು ಎಂದಳು. ಅಂದು ಆ ಪೆಟ್ಟಿಗೆಗೆ ಸಂದಷ್ಟು ನಮಸ್ಕಾರ ನಮ್ಮ ಮಂತ್ರಿಗಳಿಗೂ ಸಂದಿರಲಿಕ್ಕಿಲ್ಲ. ಕೈ ಎದೆಗೆ ಬಂದಾಗಲೆಲ್ಲ ಪರದೆಯಲ್ಲಿನ ಕೈ ನನ್ನ ಬೆನ್ನ ಹಿಂದೆ ಹೋಗುತ್ತಿತ್ತು, ಕಲ್ಲು ಆಕಾಶಕ್ಕೆ ಹೋಗುತ್ತಿತ್ತು.

ಅಂಗಿಯೊಳಗೆ ಏನಿದೆ ಎಂದು ಜೂಲಿ ಕೇಳಿದಳು. ಏನೂ ಇಲ್ಲ ಎಂದೆ.

ಸುಳ್ಳು ಹೇಳಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಮೈಮೇಲಿರುವುದನ್ನು ಏನೋ ಇದೆ ಎಂದು ಯಾರೂ ಎಣಿಸುವುದಿಲ್ಲ. ತಟ್ಟೆಯಲ್ಲಿ ಪಕ್ಕೆಲುಬು ಬಿಚ್ಚಿಡಲಿಲ್ಲ, ಇದನ್ನೂ ಇಡಲಿಲ್ಲ. ಅಂಗಿಯ ಮೇಲಿನಿಂದ ಕೈಯಾಡಿಸಿದಾಗ ಬೆಳ್ಳಿ ಕೈಗೆ ತಾಗಿತು. ಇಡೀ ಪ್ರಯೋಗಾಲಯದ ಬಕಲು ಬಿಚ್ಚಿಸಿದವನ ಎದೆಯ ಮೇಲೆಯೇ ಕೋಳಿಮೊಟ್ಟೆಯಷ್ಟು ಲೋಹವಿತ್ತು. ಅಂದು ಆರ್ಥರ್ ಸಾಹೇಬರು ನಗದೆ ಇದ್ದದ್ದು ದೊಡ್ಡತನ. ಅವರು ಎರಡೂ ಕೈಯಿಂದ ಬೆಲ್ಟು ಕಟ್ಟಿಕೊಂಡರು.

ಚಹಾದ ಕೋಣೆ

ಆ ದೇಶದಲ್ಲಿ ಕೆಟ್ಟ ಮಾತು ಆಡಬೇಕಾದಾಗ ಚಹಾ ಕೊಡುತ್ತಾರೆ. ಸಾಹೇಬರು ನನಗೆ ಎರಡು ಕಪ್ ಕೊಟ್ಟರು.

ಮುಂದಿನ ವಾರ ಸಮಿತಿಯೊಂದು ಬರುವುದಿತ್ತು. 'ಮುಟ್ಟುವ' ಕೆಲಸ ಮುಂದೆ ಯಾವ ದಾರಿಯಲ್ಲಿ ನಡೆಯಬೇಕು, ಉಕ್ಕಿನ ತೋಳೋ ಅಂಗೈಯ ಗಾಳಿಚೀಲವೋ ಎಂದು ನಿರ್ಧರಿಸುವುದು ಅವರೇ. ಸೋತದ್ದು ಪೆಟ್ಟಿಗೆಯೊಳಗೆ ಹೋಗುತ್ತದೆ. ಗವಸು ನನ್ನ ಕೈಯ ಅಳತೆಗೆ ಕೂತಿತ್ತು. ಜೂಲಿಯ ಉದ್ದ ಕೈಗೆ ಹಾಕಿದರೆ ಚೀಲಗಳು ಅಂಗೈ ಬಿಟ್ಟು ಬೆರಳ ಬುಡಕ್ಕೆ ಹೋಗುತ್ತಿದ್ದವು. ಕೈಯನ್ನು ದೂರ ಚಾಚಿ ನಿಂತರೆ ಎರಡು ನಿಮಿಷದಲ್ಲಿ ತೋಳು ನಡುಗಿ ಕಲ್ಲು ಉರುಳುತ್ತಿತ್ತು. ಆದ್ದರಿಂದ ನಾನೇ ನಿಲ್ಲಬೇಕು, ಎದೆಯ ಮುಂದೆಯೇ ಹಿಡಿಯಬೇಕು, ಕೊರಳಲ್ಲಿರುವುದನ್ನು ತೆಗೆಯಬೇಕು.

ತೆಗೆಯುವುದಿಲ್ಲ ಎಂದೆ. ಬ್ಯಾಂಕಿನ ತಿಜೋರಿಯಲ್ಲಿ ಇಡೋಣ ಎಂದರು. ಬೇಡ ಎಂದೆ. ಅಷ್ಟು ಹೊತ್ತು ನಾನೇ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತೇನೆ ಎಂದರು. ಅವರ ಮನಸ್ಸು ಒಳ್ಳೆಯದು, ಆದರೆ ನನಗೆ ಮೈ ಉರಿಯಿತು.

"ಒಂದು ಗಂಟೆಯ ಮಾತು, ಬಾಸ್."

"ಒಂದು ಗಂಟೆ ಉಸಿರು ತೆಗೆದಿಟ್ಟು ಬರುತ್ತೀರಾ, ಸರ್?"

ಅವರು ತಮ್ಮ ಕಪ್ಪಿಗೆ ಇನ್ನಷ್ಟು ಹಾಲು ಹಾಕಿಕೊಂಡರು. ಹಾಗಾದರೆ ಸಮಿತಿಗೆ ತೋಳನ್ನಷ್ಟೇ ತೋರಿಸುತ್ತೇವೆ, ಸಾರಿ, ಎಂದರು. ಕಾಲು ತುಳಿಸಿಕೊಂಡವರೂ ಸಾರಿ, ತುಳಿದವರೂ ಸಾರಿ. ಈ ಪದ ಆ ದೇಶದಲ್ಲಿ ಯಾವ ಕೆಲಸಕ್ಕೂ ಬರುತ್ತದೆ.

ಹೊರಗೆ ಬಂದು ಮಳೆಯಲ್ಲಿ ನಡೆದೆ. ಸಿಟ್ಟು ಸಾಹೇಬರ ಮೇಲಿತ್ತು, ಯಂತ್ರದ ಮೇಲಿತ್ತು, ನನ್ನ ಮೇಲೂ ಇತ್ತು. ಏಕೆಂದರೆ ನನಗೆ ಆ ಕಲ್ಲು ಬೇಕಾಗಿತ್ತು. ಜೀವಮಾನದಲ್ಲಿ ಹೊಸದೆಂದು ನಾನು ಮಾಡಿದ ಎರಡನೆಯ ವಸ್ತು ಅದು, ಮೂರನೆಯದಕ್ಕೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲವೆಂದು ಗೊತ್ತಿತ್ತು. ಲಿಂಗ ತೆಗೆದಿಟ್ಟು ಬರಿಗೊರಳಲ್ಲಿ ನಿಲ್ಲುವುದನ್ನು ಒಂದು ಕ್ಷಣ ಯೋಚಿಸಿಯೂ ನೋಡಿದೆ. ಕೈ ತಾನಾಗಿ ಅಂಗಿಯ ಮೇಲೆ ಹೋಗಿ ಅದನ್ನು ಹಿಡಿದುಕೊಂಡಿತು.

ಕೆಂಪು ಡಬ್ಬಿ

ರಸ್ತೆಯ ಕೆಂಪು ಟೆಲಿಫೋನ್ ಡಬ್ಬಿಯಿಂದ ನೆಹರು ನಗರದ ನಮ್ಮ ಪಕ್ಕದ ಮನೆಗೆ ಫೋನು ಮಾಡಿದೆ. ಶಾಂತಾ ಓಡಿ ಬಂದಳು. ಏದುಸಿರಿನಲ್ಲಿ ಅವಳೂ, ಒಂದೇ ಉಸಿರಿನಲ್ಲಿ ನಾನೂ ಮಾತಾಡಿದೆವು. ಎಲ್ಲವನ್ನೂ ಹೇಳಿದೆ. ಲಿಂಗ ತೆಗಿ ಅಂತಾರ ಎಂದೆ. 

"ನೀವು ತೆಗಿಯೂದಿಲ್ಲ, ನನಗ ಗೊತ್ತೈತಿ" ಎಂದಳು. "ಮತ್ತ ನನ್ನನ್ನ ಯಾಕ ಕೇಳತೀರಿ? ಊಟಾ ಮಾಡೀರಿಲ್ಲೋ?"

ಆಲೂಗಡ್ಡೆ ಎಂದೆ. ಅವಳು ಅದನ್ನು ಊಟವೆಂದು ಒಪ್ಪಲಿಲ್ಲ. ಅವ್ವ ಹೇಗಿದ್ದಾಳೆಂದು ಕೇಳಿದೆ. ಆರಾಮ ಇದ್ದಾಳೆ, ನಿನ್ನೆಯೇ ಖಾನಾಪುರದಿಂದ ಮಾತು ಕಳಿಸಿದ್ದಾಳೆ ಎಂದಳು.

"ವಿಭೂತಿ ಮುಗೀತೇನ ಅಂತ ಕೇಳ್ಯಾರ್ರಿ. ಮುಗಿದ್ರ ಆ ಅರಿವಿ ಒಗಿಬ್ಯಾಡ್ರಿ ಮತ್ತ. ಅದು ಹೊಸಾದು, ಮಡೀಲೆ ತಂದಿದ್ದಂತ."

ಫೋನು ಅಲ್ಲಿಗೇ ಕಡಿಯಿತು. ನಾನು ಡಬ್ಬಿಯೊಳಗೆ ಕೈಯಲ್ಲಿ ರಿಸೀವರ್ ಹಿಡಿದುಕೊಂಡು ನಿಂತೇ ಇದ್ದೆ. ಹೊರಗೆ ಸರದಿ ಕಾಯುತ್ತಿದ್ದ ಮುದುಕ ಗಾಜು ತಟ್ಟಿ, ತಡವಾಗಿ ಹೊರಬಂದ ನನಗೆ ತಾನೇ ಸಾರಿ ಹೇಳಿದ.

ಮರುದಿನ ಬೆಳಿಗ್ಗೆ ಡೋರಿಸ್ ಅಮ್ಮನ ಕಂಬಳಿಯ ಬಚ್ಚಲಿನಲ್ಲಿ ಸ್ನಾನ ಮುಗಿಸಿ ಪೂಜೆಗೆ ಕೂತೆ. ದಿನವೂ ಮಾಡುವ ಹಾಗೆ ಗುಂಡಗಡಗಿ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡೆ. ಬೆಳ್ಳಿ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಪ್ರತಿದಿನವೂ ಹೀಗೆಯೇ ಬಿದ್ದಿರುತ್ತಿತ್ತು. ಕಲ್ಲಿಗೂ ಬೆಳ್ಳಿಗೂ ನಂಟಿಲ್ಲವೆಂದು ಅದು ದಿನಾ ಮುಂಜಾನೆ ಕಣ್ಣಮುಂದೆ ಹೇಳುತ್ತಿತ್ತು, ನಾನು ಮಾತ್ರ ಎರಡನ್ನೂ ಒಂದೇ ಎಂದು ಹಟ ಹಿಡಿದು, ಸಾಹೇಬರ ಎರಡು ಕಪ್ ಚಹಾ ಕುಡಿದು, ಧರ್ಮಯುದ್ಧ ಮಾಡಿ ಬಂದಿದ್ದೆ. ಪೂಜೆಯ ನಡುವೆ ನಗಬಾರದು. ನಕ್ಕೆ. ಪೂಜೆ ಮುಗಿಸಿ ಅವ್ವನ ಅರಿವೆಯಲ್ಲಿ ಲಿಂಗವನ್ನು ಸುತ್ತಿ ಗಂಟು ಹಾಕಿ, ಶಿವದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಅರಿವೆ ಅದಕ್ಕೆ ಅಳತೆ ತೆಗೆದಂತೆ ಸರಿಹೋಯಿತು.

ಪಿಂಗಾಣಿ ತಟ್ಟೆಯಲ್ಲಿ ಬೆಳ್ಳಿಯ ಗುಂಡಗಡಗಿಯನ್ನು ನಾನೇ ಇಟ್ಟು ಒಳಗೆ ಹೋದೆ. ಆರ್ಥರ್ ಸಾಹೇಬರ ಕಣ್ಣು ತಟ್ಟೆಯ ಮೇಲೆ ಬಿತ್ತು, ಆಮೇಲೆ ನನ್ನ ಕೊರಳಿನ ಬಿಳಿ ಅರಿವೆಯ ಮೇಲೆ.  ಬೆಲ್ಟು ಬಿಚ್ಚಿ ಬಕಲನ್ನು ಅದರ ಪಕ್ಕದಲ್ಲಿ ಇಟ್ಟರು. ಬಕಲನ್ನು ಸ್ವಲ್ಪ ದೂರ ಸರಿಸಿ ಎಂದೆ. ಸರಿಸಿದರು.

ಸಮಿತಿ

ಸಮಿತಿಯಲ್ಲಿ ಮುಖ್ಯರು ಒಬ್ಬ ಗಿಡ್ಡನೆಯ ಹಿರಿಯ ಹೆಂಗಸು. ಮೊದಲು ಉಕ್ಕಿನ ತೋಳು ಹಿಡಿದರು. ತೋಳು ಅವರನ್ನು ನೂಕಿತು, ಅವರೂ ಅದನ್ನು ನೂಕಿದರು. ಗೆದ್ದವರು ಯಾರೆಂದು ತಿಳಿಯಲಿಲ್ಲ.

ನಂತರ ನನ್ನ ಸರದಿ. ಕಣ್ಣಿನ ಡಬ್ಬಿಯ ಚಿತ್ರವನ್ನು ಪೂರ್ತಿ ಆರಿಸಿಬಿಡಿ, ಕಲ್ಲು ಎಲ್ಲಿದೆಯೆಂದು ಕೈಯಿಂದಲೇ ಹೇಳುತ್ತೇನೆ ಎಂದೆ. ಕತ್ತಲಾಯಿತು. ಆ ಹಿರಿಯರು ಪರದೆಯ ಮೇಲೆ ಬೆರಳು ತೋರಿಸಿದಲ್ಲಿ ಜೂಲಿ ಕಲ್ಲನ್ನು ಇಡುತ್ತಿದ್ದಳು. ಹೆಬ್ಬೆರಳ ಬುಡ ಎಂದೆ. ಈಗ ನಡು ಅಂಗೈ. ಈಗ ಕಿರುಬೆರಳ ಕಡೆ ಉರುಳುತ್ತಿದೆ, ನಿಲ್ಲಿಸಿದೆ. ಕೋಣೆಯಲ್ಲಿ ಪಂಪಿನ ಪುಸ್ ಪುಸ್ ಸದ್ದೊಂದೇ ಕೇಳುತ್ತಿತ್ತು. ಹತ್ತಿರ ತಂದರೆ ಏನಾಗುತ್ತದೆ ಎಂದು ಅವರು ಕೇಳಿದರು. ಆರ್ಥರ್ ಸಾಹೇಬರು ಕೆಮ್ಮಿದರು. ನಾನು ಅಂಗೈಯನ್ನು ಎದೆಯ ಹತ್ತಿರಕ್ಕೆ, ಅರಿವೆಗೆ ತಾಗುವಷ್ಟು ಹತ್ತಿರಕ್ಕೆ ತಂದೆ.

ಕಲ್ಲು ಕದಲಲಿಲ್ಲ.

ಕತ್ತಲಲ್ಲಿ ಎದೆಯ ಮುಂದೆ ಅಂಗೈ ತೆರೆದು ನಿಂತೆ. ಅಂಗೈಯಲ್ಲಿ ಇಲ್ಲದ ಒಂದು ಕಲ್ಲಿನ ಭಾರ, ಅದರ ಹಿಂದೆ ಎದೆಯ ಮೇಲೆ ಇರುವ ಕಲ್ಲಿನ ಭಾರ. ಎರಡೂ ಬೇರೆಯೆಂದು ಕೈಗೆ ಚೆನ್ನಾಗಿ ಗೊತ್ತಿತ್ತು. ಮೊದಲನೆಯದನ್ನು ಮಾಡಲು ಕೈಗೆ ಕಲಿಸಿದ್ದು ಎರಡನೆಯದು. ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ, ಭಾರ ಸರಿಯಾಗಿದೆ ಎಂದಷ್ಟೇ ಹೇಳಿದೆ.

ಆ ಹಿರಿಯರು ಗವಸು ತಮಗೂ ಬೇಕೆಂದರು. ಗಿಡ್ಡ ಕೈ, ನನ್ನ ಅಳತೆಗೇ ಬಂತು. ಕಲ್ಲು ಬಂದು ಕೂತೊಡನೆ ಅವರ ಮುಖ ಸಣ್ಣ ಹುಡುಗಿಯದಾಯಿತು. ಆದರೆ ಜನಾಂಗದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಗಪ್ಪನೆ ಹಿಡಿಯಲು ಮುಷ್ಟಿ ಮುಚ್ಚಿದರು. ಕೈ ವಾಲಿ ಕಲ್ಲು ಉರುಳಿ ಹೋಯಿತು.

"ಓಹ್, ಸಾರಿ" ಎಂದರು, ಕಲ್ಲಿಗೆ.

ನಾನು ಪೆಟ್ಟಿಗೆಗೆ ನಮಸ್ಕಾರ ಮಾಡಿದ್ದಕ್ಕೆ ನಾಚಿಕೊಂಡಿದ್ದೆನಲ್ಲ, ಆ ನಾಚಿಕೆ ಅಂದಿಗೆ ಪೂರ್ತಿ ಬಿಟ್ಟುಹೋಯಿತು. ಸಮಿತಿಯವರು ಅಂಗೈಯ ದಾರಿಯನ್ನೇ ಹಿಡಿದರು. ಉಕ್ಕಿನ ತೋಳು ಪೆಟ್ಟಿಗೆಯೊಳಗೆ ಹೋಯಿತು. ಆರ್ಥರ್ ಸಾಹೇಬರು ನನ್ನ ಕೈ ಕುಲುಕಿದರು. ಸಂಭ್ರಮದಲ್ಲಿ ಎರಡೂ ಕೈ ಕೊಟ್ಟದ್ದರಿಂದ ಪ್ಯಾಂಟು ಹಿಡಿಯಲು ಯಾರೂ ಇರಲಿಲ್ಲ.

ಮತ್ತೆ ಖಾನಾಪುರ

ಮುಂಬಯಿಯಲ್ಲಿ ಇಳಿದು, ಬೆಳಗಾವಿಯಲ್ಲಿ ಶಾಂತಾಳ ಕೈಯ ಜೋಳದ ರೊಟ್ಟಿ ತಿಂದು, ಆ ವಾರವೇ ಅವ್ವನನ್ನು ನೋಡಲು ಹೋದೆ. ಓಣಿಯ ಡಾಂಬರು ಇನ್ನೂ ವರ್ಚುವಲ್ ಆಗಿಯೇ ಇತ್ತು. ಅಣ್ಣ ಹಂಚು ಎಣಿಸುತ್ತ ಕೂತಲ್ಲಿಂದಲೇ, ಇಲ್ಲದ್ದು ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು, ಅಲ್ಲೇ ಬಿಟ್ಟು ಬಂದೆ ಎಂದೆ.

ಅವ್ವ ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು. ಅರಿವೆಯ ಗಂಟನ್ನು ಬೆರಳಿನಿಂದ ಮುಟ್ಟಿದಳು.

"ಬೆಳ್ಳೀದು?"

"ಚೀಲದಾಗ ಐತವ್ವಾ."

"ಅಂದ್ರ ಕಳ್ಳರು ಅದಾರ ಅಲ್ಲೆ."

ಕಾಂತಶಕ್ತಿ, ಸೆನ್ಸರು, ಸಮಿತಿ ಎಲ್ಲವೂ ನಾಲಿಗೆಯ ತುದಿಗೆ ಬಂದವು. ಅಣ್ಣ ಹಂಚು ಎಣಿಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಅದಾರವ್ವಾ" ಎಂದೆ. "ಕೊಳ್ಳಾಗ ಬೆಳ್ಳಿ ಕಂಡ್ರ, ಕೈಯಾಗಿನ ಕಲ್ಲ ಸೈತ ಬಿಡೂದಿಲ್ಲ."

"ನಾ ಹೇಳಿದ್ನಿಲ್ಲ?" ಎಂದು ಅವ್ವ ಅಣ್ಣನ ಕಡೆ ತಿರುಗಿ ಹೇಳಿ, ನನಗೆ ಚಹಾ ಇಡಲು ಒಳಗೆ ಹೋದಳು.